ತೀರಾ ನೇರವಾದ ಗೆರೆ

ನಮ್ಮಪ್ಪ ಯಾರ ಮನೆಗೆ ಹೋದರೂ ಮೊದಲು ಗೋಡೆ ಕುಟ್ಟಿ ನೋಡುತ್ತಿದ್ದ. ಬೆರಳಿನ ಗೆಣ್ಣಿನಿಂದ ಟಕ್ ಟಕ್ ಅಂತ ಎರಡು ಸಲ ಬಡಿದು, ಕಿವಿಗೊಟ್ಟು ಕೇಳಿ, ಆಮೇಲೆ ಚಹಾಕ್ಕೆ ಕೂರುತ್ತಿದ್ದ. ವಿಜಯಪುರದ ಕಡೆಯಿಂದ ಮುಂಬೈಗೆ ಬಂದು ಮೇಸ್ತ್ರಿಯಾದ ಮನುಷ್ಯ ಅವನು. ಪ್ಲಾಸ್ಟರಿನ ಹಿಂದೆ ಪೊಳ್ಳು ಇದೆಯೋ ಇಲ್ಲವೋ ಎಂಬುದು ಅವನಿಗೆ ಮನೆಯವರ ಯೋಗಕ್ಷೇಮಕ್ಕಿಂತ ದೊಡ್ಡ ವಿಷಯವಾಗಿತ್ತು. ನನಗೆ ಬಂದಿದ್ದ ಒಂದು ಒಳ್ಳೆಯ ಸಂಬಂಧ ಇದೇ ಕಾರಣಕ್ಕೆ ತಪ್ಪಿಹೋಯಿತು. ಹುಡುಗನ ಮನೆ ನೋಡಲು ಹೋದವನು ಹೊಸ ಫ್ಲ್ಯಾಟಿನ ಗೋಡೆ ಕುಟ್ಟಿ, ಎಲ್ಲರೆದುರೇ, “ಬಿಲ್ಡರ್ ನಿಮಗ ಟೋಪಿ ಹಾಕ್ಯಾನ್ರೀ” ಅಂದುಬಿಟ್ಟ. ಅವರು ಮತ್ತೆ ಫೋನ್ ಮಾಡಲಿಲ್ಲ.

ಅವ್ವನ ಅನುಮಾನ ಬೇರೆ ಥರದ್ದು. ಅವಳು ಗೋಡೆಗಳನ್ನು ನಂಬುತ್ತಾಳೆ, ಮನುಷ್ಯರನ್ನು ನಂಬುವುದಿಲ್ಲ. ಹಾಲಿನವನು ನಕ್ಕರೆ ಅವತ್ತು ಹಾಲಿಗೆ ನೀರು ಬಿದ್ದಿದೆ ಅಂತಲೇ ಅವಳ ಅರ್ಥ. ಇಂಥ ಇಬ್ಬರಿಗೆ ಹುಟ್ಟಿದ ನಾನು ಸಿವಿಲ್ ಎಂಜಿನಿಯರಾಗಿ ಕ್ವಾಲಿಟಿ ವಿಭಾಗಕ್ಕೆ ಸೇರಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಅನುಮಾನಪಡುವುದಕ್ಕೆ ಸಂಬಳ ಕೊಡುವ ಕೆಲಸ ಅದು.

ಆ ಕೆಲಸವನ್ನು ಇಲ್ಲಿ ಒಂದಿಷ್ಟು ಹೇಳಲೇಬೇಕು. ಕಟ್ಟಡಕ್ಕೆ ಸುರಿಯುವ ಕಾಂಕ್ರೀಟಿನಿಂದ ಸ್ವಲ್ಪ ತೆಗೆದು ಕಬ್ಬಿಣದ ಚೌಕ ಅಚ್ಚುಗಳಲ್ಲಿ ತುಂಬುತ್ತೇವೆ. ಮರುದಿನ ಅಚ್ಚು ಬಿಚ್ಚಿದರೆ ಗಟ್ಟಿ ದಿಮ್ಮಿಗಳು ಸಿಗುತ್ತವೆ. ಎಲ್ಲರೂ ಅವನ್ನು ಕ್ಯೂಬ್ ಅನ್ನುತ್ತಾರೆ. ಅವನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟು ಏಳನೇ ದಿನ ಕೆಲವನ್ನು, ಇಪ್ಪತ್ತೆಂಟನೇ ದಿನ ಉಳಿದವನ್ನು ಮಷಿನ್ನಿನ ಕೆಳಗಿಟ್ಟು ಒಡೆಯಬೇಕು. ಎಷ್ಟು ಭಾರಕ್ಕೆ ಒಡೆಯಿತು ಎನ್ನುವುದನ್ನು ಬರೆದಿಡಬೇಕು. ಜನ ವಾಸ ಮಾಡುವ ಕಟ್ಟಡವನ್ನು ಒಡೆದು ನೋಡಲಾಗುವುದಿಲ್ಲವಲ್ಲ, ಅದಕ್ಕೇ ಅದರ ಪರವಾಗಿ ಈ ದಿಮ್ಮಿಗಳು ಸಾಕ್ಷಿ ಹೇಳುತ್ತವೆ.

ವರ್ಷಗಟ್ಟಲೆ ನಾನು ಆ ಸಾಕ್ಷಿಗಳನ್ನು ಒಡೆದೆ. ಆಮೇಲೆ ಮೊಣಕಾಲುಗಳು ಮಾತಾಡತೊಡಗಿದವು. ಹೆಂಗಸರಿಗೆ ಶೌಚಾಲಯವಿಲ್ಲದ ಸೈಟುಗಳಲ್ಲಿ ಬೆಳಗಿನಿಂದ ಸಂಜೆವರೆಗೆ ನೀರು ಕುಡಿಯದೆ ಇರುವುದು ಅಭ್ಯಾಸವಾಗಿ, ಆ ಅಭ್ಯಾಸ ಕಾಯಿಲೆಯಾಯಿತು. ನನ್ನ ಕೈಕೆಳಗೆ ಕಲಿತ ಹುಡುಗರು ಒಬ್ಬೊಬ್ಬರಾಗಿ ಮ್ಯಾನೇಜರುಗಳಾದರು. ನನಗೆ ಮಾತ್ರ “ಮೇಡಮ್, ಆಪ್ ರಿಪೋರ್ಟ್ ದೇಖ್ ಲೀಜಿಯೇ” ಅನ್ನುವುದು ನಿಲ್ಲಲಿಲ್ಲ. ಹಾಗೆ ರಿಪೋರ್ಟುಗಳನ್ನೇ ನೋಡುತ್ತ ನೋಡುತ್ತ, ನೋಡುವುದನ್ನೇ ಕಸುಬು ಮಾಡಿಕೊಂಡರೆ ಹೇಗೆ ಅನ್ನಿಸಿತು. ಅನ್ನಿಸಿದ್ದೇ ತಡ, ನನ್ನ ಫೋನಿನಲ್ಲಿ ಡೇಟಾ ಅನಲಿಟಿಕ್ಸ್ ಕೋರ್ಸಿನ ಜಾಹೀರಾತುಗಳು ಸಾಲುಗಟ್ಟಿದವು. ನಾನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಇದು ಹೇಗೆ ಗೊತ್ತಾಯಿತು ಎಂದು ಹೆದರಿ ಎರಡು ವಾರ ಫೋನನ್ನು ಅಡುಗೆಮನೆಯ ಡಬ್ಬಿಯ ಹಿಂದೆ ಇಟ್ಟಿದ್ದೆ. ಕೊನೆಗೆ ಅವುಗಳಲ್ಲೇ ಎಲ್ಲಕ್ಕಿಂತ ಕಡಿಮೆ ಆಸೆ ತೋರಿಸಿದ ಒಂದು ಕೋರ್ಸಿಗೆ ಸೇರಿ, ಸೈಟಿನ ಕೆಲಸ ಬಿಟ್ಟೆ.

ಘಾಟ್ಕೋಪರಿನ ನಮ್ಮ ಮನೆಯಲ್ಲಿ ಅವ್ವ ಮತ್ತು ನಾನು ಇಬ್ಬರೇ. ಅಪ್ಪ ಹೋಗಿ ಬಹಳ ವರ್ಷವಾಯಿತು. ಹಗಲಿಡೀ ಲ್ಯಾಪ್‌ಟಾಪ್ ಮುಂದೆ ಕೂತ ಮಗಳನ್ನು ನೋಡಿ ಅವ್ವನಿಗೆ ಅನುಮಾನ ಶುರುವಾಯಿತು.

“ಖರೇ ಹೇಳು. ಕೆಲಸದಿಂದ ತಗದ್ರೇನು?”

“ಇಲ್ಲಬೇ ಅವ್ವಾ. ನಾನ ಬಿಟ್ಟೀನಿ.”

“ಕೈಯಾಗಿನ ಕೆಲಸ ಯಾರರೆ ತಾವಾಗೇ ಬಿಡ್ತಾರೇನು? ನಿಮ್ಮಪ್ಪ ಜ್ವರ ಬಂದ್ರೂ ಬಿಡ್ತಿದ್ದಿಲ್ಲ. ಯಾರ ಜೋಡಿ ಜಗಳ ಮಾಡಿದಿ, ಅದನ್ನ ಹೇಳು.”

ಮುಂದೆ ಸಾಂತಾಕ್ರೂಜಿನ ಒಂದು ಅನಲಿಟಿಕ್ಸ್ ಕಂಪನಿಯಲ್ಲಿ ಕೆಲಸ ಸಿಕ್ಕಾಗಲೂ ಅವಳು ನಂಬಲಿಲ್ಲ. ಮೊದಲ ದಿನ ನಾನು ಮೆಟ್ರೋ ಸ್ಟೇಶನ್ನಿನ ಮೆಟ್ಟಿಲು ಹತ್ತುವಾಗ ಹಿಂದಿರುಗಿ ನೋಡಿದರೆ, ಕೆಳಗೆ ಬಾಳೆಹಣ್ಣಿನ ಗಾಡಿಯ ಮರೆಯಲ್ಲಿ ಅವ್ವ ಚೀಲ ಹಿಡಿದು ನಿಂತಿದ್ದಳು. ನಾನು ನಿಜವಾಗಿ ಒಳಗೆ ಹೋಗುತ್ತೇನೋ ಇಲ್ಲವೋ ನೋಡಲು ಬಂದಿದ್ದಳು. ನನಗೆ ನಗು ಬಂತು, ಸಿಟ್ಟೂ ಬಂತು. ನಿಜ ಹೇಳಬೇಕೆಂದರೆ ಕೆಲಸ ಸಿಕ್ಕಿದ್ದನ್ನು ನಾನೇ ಪೂರ್ತಿ ನಂಬಿರಲಿಲ್ಲ. ಇಷ್ಟು ವಯಸ್ಸಾದವಳನ್ನು ಇವರು ಯಾಕೆ ತಗೊಂಡರು, ಇದರಲ್ಲಿ ಏನೋ ಇದೆ ಅನ್ನುವ ಹುಳ ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಅದಕ್ಕೆ ಉತ್ತರ ಬೇಗನೇ ಸಿಕ್ಕಿತು. ಕಂಪನಿಗೆ ಹೊಸ ಗಿರಾಕಿ ಬಂದಿತ್ತು: ಲಾರಿಗಳಲ್ಲಿ ಸಿದ್ಧ ಕಾಂಕ್ರೀಟ್ ಕಳಿಸುವವರು, ಮುಂಬೈ ಸುತ್ತ ಐದು ಪ್ಲಾಂಟುಗಳಿದ್ದವರು. ಕ್ಯೂಬ್ ಎಂದರೆ ಏನೆಂದು ಗೊತ್ತಿರುವವರು ಯಾರಾದರೂ ಬೇಕಿತ್ತು. ಆರು ತಿಂಗಳು ನೋಡಿ ಆಮೇಲೆ ಕಾಯಂ ಮಾಡುತ್ತೇವೆ ಅಂದರು. ನನ್ನ ಮ್ಯಾನೇಜರ್ ನನಗಿಂತ ಚಿಕ್ಕವನು, ಲವಲವಿಕೆಯ ಹುಡುಗ. ಪಕ್ಕದ ಟೇಬಲ್ಲಿನ ಹುಡುಗಿ ಮಾಟುಂಗದವಳು, ಅಜ್ಜನದು ಉಡುಪಿ ಹೋಟೆಲ್. ನಾನು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರಿಸುತ್ತಿದ್ದಳು, ಮಧ್ಯೆ ಒಂದು “ಅಕ್ಕ” ಸೇರಿಸುತ್ತಿದ್ದಳು.

ನನ್ನ ಕೆಲಸ ಸರಳವಾಗಿತ್ತು. ಏಳನೇ ದಿನದ ಫಲಿತಾಂಶ ನೋಡಿ ಇಪ್ಪತ್ತೆಂಟನೇ ದಿನದ್ದನ್ನು ಮೊದಲೇ ಹೇಳುವ ಒಂದು ಮಾಡೆಲ್ ಕಟ್ಟಬೇಕು, ಐದು ಪ್ಲಾಂಟುಗಳಲ್ಲಿ ಯಾರು ಹೇಗೆ ಕೆಲಸ ಮಾಡುತ್ತಿದ್ದಾರೆ ಎಂದು ಪಟ್ಟಿ ಕೊಡಬೇಕು. ಕೋರ್ಸಿನಲ್ಲಿ ಕಲಿಸಿದ ಮೊದಲ ಪಾಠ ಡೇಟಾ ಹಸನು ಮಾಡುವುದು. ಖಾಲಿ ಬಿಟ್ಟ ಸಾಲು, ತಡವಾಗಿ ಮಾಡಿದ ಪರೀಕ್ಷೆ, ಹೊಂದದ ಸಂಖ್ಯೆ, ಇವೆಲ್ಲ ಅಕ್ಕಿಯಲ್ಲಿನ ಕಲ್ಲು. ನಾನು ಶ್ರದ್ಧೆಯಿಂದ ಆರಿಸಿದೆ. ವಿಚಿತ್ರವೆಂದರೆ ಕಲ್ಲೆಲ್ಲ ಒಂದೇ ಪ್ಲಾಂಟಿನಿಂದ ಬರುತ್ತಿತ್ತು, ಪೂರ್ವದ ಕಡೆ ಸಮುದ್ರ ಒಳನುಗ್ಗಿದ ಖಾಡಿಯ ಹತ್ತಿರದ್ದರಿಂದ. “ಅಕ್ಕಾ, ವೋ ತೋ ಪೂರಾ ಕಚರಾ ಹೈ, ನಿಕಾಲ್ ದೋ” ಅಂದಳು ಮಾಟುಂಗದ ಹುಡುಗಿ. ಆ ಸಾಲುಗಳನ್ನು ತೆಗೆದು ಹಾಕಿದೆ.

ಮಾಡೆಲ್ ಓಡಿಸಿದಾಗ ಪರದೆಯ ಮೇಲೆ ಚುಕ್ಕಿಗಳು ಬಂದು ಕೂತವು. ನಾಲ್ಕು ಪ್ಲಾಂಟುಗಳ ಚುಕ್ಕಿಗಳು ದಾರ ಕಟ್ಟಿ ಎಳೆದ ಹಾಗೆ ಒಂದೇ ಗೆರೆಯ ಮೇಲೆ. ಖಾಡಿಯ ಪ್ಲಾಂಟಿನಲ್ಲಿ ಉಳಿದವು ಮಾತ್ರ ಮೇಲೆ, ಕೆಳಗೆ, ಅಲ್ಲಿ, ಇಲ್ಲಿ. ಮ್ಯಾನೇಜರ್ ಚಪ್ಪಾಳೆ ತಟ್ಟಿದ. ಮೊದಲ ಪ್ರಯತ್ನಕ್ಕೇ ಇಷ್ಟು ಚೆನ್ನಾಗಿ ಬಂದದ್ದನ್ನು ತಾನು ನೋಡೇ ಇಲ್ಲ ಅಂದ. ನನಗೂ ತಲೆ ತಿರುಗಿತು. ಜನ್ಮದಲ್ಲೇ ಯಾರೂ ನನ್ನ ಕೆಲಸಕ್ಕೆ ಚಪ್ಪಾಳೆ ತಟ್ಟಿರಲಿಲ್ಲ. ಅಪ್ಪ ಬಿಟ್ಟುಹೋದ ಗುಣ ಅವತ್ತು ಎಲ್ಲಿ ಅಡಗಿತ್ತೋ ಕಾಣೆ. ಪಟ್ಟಿ ಮಾಡಿ ಕಳಿಸಿಬಿಟ್ಟೆ. ಖಾಡಿಯ ಪ್ಲಾಂಟು ಕೊನೆಯಲ್ಲಿತ್ತು.

ಹದಿನೈದು ದಿನದ ನಂತರ ಗಿರಾಕಿ ಕಂಪನಿಯ ಕ್ವಾಲಿಟಿ ಮುಖ್ಯಸ್ಥರು ಫೋನಿನಲ್ಲಿ ಮಾತಾಡುತ್ತ, ಪಟ್ಟಿ ಬಹಳ ಉಪಯೋಗವಾಯಿತು ಅಂದರು. ಖಾಡಿಯ ಲ್ಯಾಬಿನ ಇನ್‌ಚಾರ್ಜ್‌ಗೆ ಎಚ್ಚರಿಕೆ ಕೊಟ್ಟಾಗಿದೆ, ಈ ತಿಂಗಳ ಕೊನೆಗೆ ಅವಳನ್ನು ತೆಗೆಯುತ್ತೇವೆ ಅಂದರು.

ಅವಳನ್ನು. ಕ್ಯೂಬ್ ಲ್ಯಾಬುಗಳಲ್ಲಿ ಹೆಂಗಸರೇ ಅಪರೂಪ. ಇನ್‌ಚಾರ್ಜ್ ಆಗುವಷ್ಟು ತಾಳಿಕೊಂಡವಳು ಅಷ್ಟು ಅಡ್ಡಾದಿಡ್ಡಿ ಕೆಲಸ ಮಾಡುತ್ತಾಳೆಯೇ ಅನ್ನಿಸಿತು. ಅನ್ನಿಸಿದ ಕೂಡಲೇ ನನ್ನ ಮೇಲೇ ಅನುಮಾನ ಬಂತು: ಹೆಂಗಸು ಅಂದದ್ದಕ್ಕೆ ನಾನು ಮೆತ್ತಗಾಗುತ್ತಿದ್ದೇನೆಯೇ? ಇರಲಿ, ನೋಡಿದರೆ ನಷ್ಟವೇನು ಎಂದುಕೊಂಡು, ಮಧ್ಯಾಹ್ನ ರೊಟ್ಟಿ ತಿನ್ನುತ್ತ, ನಾನೇ ಎಸೆದಿದ್ದ ಕಲ್ಲುಗಳನ್ನು ಮತ್ತೆ ತೆರೆದೆ.

ಖಾಲಿ ಸಾಲುಗಳ ತಾರೀಖು ನೋಡಿದೆ. ಒಂದು, ಮಳೆಗೆ ಹಳಿ ಮುಳುಗಿ ಲೋಕಲ್ ರೈಲು ನಿಂತ ದಿನ. ಇನ್ನೊಂದು ಅನಂತ ಚತುರ್ದಶಿ, ದೊಡ್ಡ ಗಣಪತಿಗಳನ್ನೆಲ್ಲ ಸಮುದ್ರಕ್ಕೆ ಬಿಡುವ ದಿನ. ಆ ದಿನ ಈ ಊರಲ್ಲಿ ರಸ್ತೆಗಳು ಬಂದ್, ಕ್ಯೂಬ್ ಒಡೆಯುವುದಿರಲಿ, ತೆಂಗಿನಕಾಯಿ ಬಿಟ್ಟು ಬೇರೇನೂ ಯಾರೂ ಒಡೆಯುವುದಿಲ್ಲ. ಖಾಡಿಯ ಲ್ಯಾಬಿನವಳು ಆ ದಿನಗಳನ್ನು ಖಾಲಿ ಬಿಟ್ಟು, ಮರುದಿನವೋ ಅದರ ಮರುದಿನವೋ ಒಡೆದು, ‘ತಡವಾಗಿದೆ’ ಎಂದು ಬರೆದಿದ್ದಳು. ಉಳಿದ ನಾಲ್ಕು ಪ್ಲಾಂಟುಗಳನ್ನು ನೋಡಿದೆ. ಮಳೆಯ ದಿನವೂ ಪರೀಕ್ಷೆ ಆಗಿತ್ತು. ವಿಸರ್ಜನೆಯ ದಿನವೂ ಆಗಿತ್ತು. ಒಂದೂ ತಡವಿಲ್ಲ.

ರೊಟ್ಟಿ ಪಕ್ಕಕ್ಕಿಟ್ಟೆ. ಏಳನೇ ದಿನದ ಸಂಖ್ಯೆ ಕೈಯಲ್ಲಿದ್ದರೆ ಅದನ್ನು ಒಂದೂವರೆ ಪಟ್ಟು ಮಾಡಿ ಇಪ್ಪತ್ತೆಂಟನೇ ದಿನದ ಸಂಖ್ಯೆಯನ್ನು ಕುರ್ಚಿಯಲ್ಲೇ ಕೂತು ಹುಟ್ಟಿಸಬಹುದು ಎನ್ನುವುದು ಲ್ಯಾಬುಗಳಲ್ಲಿ ಹಳೆಯ ಮಾತು. ತೊಟ್ಟಿಯಿಂದ ಒದ್ದೆ ಕ್ಯೂಬ್ ಎತ್ತುವ ಸೊಂಟನೋವು ಉಳಿಯುತ್ತದೆ. ನಾನು ಭಾಗಿಸಿ ನೋಡಿದೆ. ನಾಲ್ಕೂ ಪ್ಲಾಂಟುಗಳಲ್ಲಿ, ಸಾಲು ಸಾಲಿಗೂ, ಅದೇ ಒಂದೂವರೆ. ನನ್ನ ಮಾಡೆಲ್ ಕಲಿತದ್ದು ಕಾಂಕ್ರೀಟನ್ನಲ್ಲ, ಅವರ ಕ್ಯಾಲ್ಕುಲೇಟರನ್ನು. ನಿಜವಾಗಿ ಒಡೆದು ಬರೆದವಳೊಬ್ಬಳ ಚುಕ್ಕಿಗಳೇ ಚದುರಿದ್ದವು, ಅವಳನ್ನೇ ನಾನು ಪಟ್ಟಿಯ ತಳಕ್ಕೆ ಹಾಕಿದ್ದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹುಟ್ಟಿದಾಗಿನಿಂದ ಕೇಳಿ ಬೆಳೆದವಳು ನಾನು. ನಾಚಿಕೆಯಿಂದ ಮೈ ಬಿಸಿಯಾಯಿತು.

ಮಂಗಳವಾರ ಯಾರಿಗೂ ಹೇಳದೆ ಖಾಡಿಯ ಪ್ಲಾಂಟಿಗೆ ಹೋದೆ. ಲ್ಯಾಬ್ ಎಂದರೆ ತಗಡಿನ ಪತ್ರಾ ಹೊದಿಸಿದ ಒಂದು ಕೋಣೆ. ಸುಣ್ಣದ ನೀರಿನ ಅದೇ ಹಳೆಯ ವಾಸನೆ ಮೂಗಿಗೆ ಹೊಡೆದಾಗ, ಬಿಟ್ಟು ಬಂದದ್ದಕ್ಕೆ ಒಂದು ಕ್ಷಣ ದುಃಖವಾಯಿತು. ಇನ್‌ಚಾರ್ಜ್ ನನ್ನ ವಯಸ್ಸಿನವಳೇ, ಡಿಪ್ಲೊಮಾ ಎಂಜಿನಿಯರ್. ತಲೆಗೆ ಕರವಸ್ತ್ರ ಕಟ್ಟಿದ್ದಳು. ಸಹಾಯಕನನ್ನು ಹಿಂದಿಯಲ್ಲಿ ಬೈಯುತ್ತಿದ್ದವಳು ಕೊನೆಯ ಬೈಗುಳ ಮಾತ್ರ ಕನ್ನಡದಲ್ಲಿ ಬೈದಳು. ಹಾಗಾಗಿ ಕಲಬುರಗಿ ಕಡೆಯವಳೆಂದು ಗೊತ್ತಾಯಿತು. ನಾನೂ ಕನ್ನಡದಲ್ಲಿ ಮಾತಾಡಿಸಿದೆ. ಅದರಿಂದ ಅವಳ ಮುಖ ಇನ್ನಷ್ಟು ಬಿಗಿದುಕೊಂಡಿತು.

“ಊರಿನ ಮಾತ ಆಡಿ ಏನ್ ಬಾಯಿ ಬಿಡಸ್ಲಿಕ್ಕ ಬಂದೀರಿ? ಆಫೀಸಿನವ್ರು ಸುಮ್ನ ಬರೂದಿಲ್ಲ.”

“ಆ ಪಟ್ಟಿ ಮಾಡಿದಾಕಿ ನಾನ” ಅಂದೆ.

ಅವಳು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. “ಹಂಗಾ. ಬಾಳ ಛಲೋ ಮಾಡೀರಿ. ಅವತ್ತ ಲೋಕಲ್ ಬಂದ್ ಇದ್ದವು. ನಾ ಹ್ಯಾಂಗ ಬರ್ಬೇಕಿತ್ರಿ? ಈಜಿಕೋತ ಬರ್ಬೇಕಿತ್ತಾ?”

“ತಪ್ಪು ನಂದ ಅದ. ಸರಿ ಮಾಡ್ತೀನಿ.”

“ಏನ್ ಬ್ಯಾಡ. ನಾನೂ ಕಲ್ತೀನಿ ಈಗ.”

ಅಷ್ಟು ಹೇಳಿ ತೊಟ್ಟಿಯಿಂದ ಒಂದು ಕ್ಯೂಬ್ ಎತ್ತಿ ಮಷಿನ್ನಿನಲ್ಲಿಟ್ಟಳು. ಗುಂಡಗಿನ ಡಯಲ್‌ನಲ್ಲಿ ಎರಡು ಮುಳ್ಳು, ಕಪ್ಪು ಮತ್ತು ಕೆಂಪು. ಭಾರ ಏರಿದಂತೆ ಎರಡೂ ಜೊತೆಯಾಗಿ ಮೇಲೇರುತ್ತವೆ. ಕ್ಯೂಬ್ ಒಡೆದ ಕೂಡಲೇ ಕಪ್ಪು ಮುಳ್ಳು ಕೆಳಗೆ ಬೀಳುತ್ತದೆ, ಕೆಂಪು ಮುಳ್ಳು ಮುಟ್ಟಿದ ಜಾಗದಲ್ಲೇ ನಿಲ್ಲುತ್ತದೆ, ಓದಿ ಬರೆದುಕೊಳ್ಳಲಿ ಎಂದು. ಕ್ಯೂಬ್ ಬಿರುಕುಬಿಟ್ಟಿತು. ಅವಳು ಕೆಂಪು ಮುಳ್ಳನ್ನು ನೋಡಿದಳು. ಫೋನ್ ತೆಗೆದು ಏನೋ ಗುಣಿಸಿದಳು. ಮುಳ್ಳು ತೋರಿಸುತ್ತಿದ್ದ ಸಂಖ್ಯೆಯನ್ನು ಬಿಟ್ಟು ಬೇರೆಯದನ್ನು ಬರೆದಳು, ನನ್ನೆದುರೇ, ನಾನು ನೋಡುತ್ತಿದ್ದೇನೆಂದು ಗೊತ್ತಿದ್ದೇ.

“ಈಗ ನಿಮ್ಮ ಕಂಪ್ಯೂಟರಿಗಿ ಸಮಾಧಾನ ಆತಿಲ್ಲ?” ಅಂದಳು.

ಇಷ್ಟು ವರ್ಷ ಯಾವ ಮೇಲಧಿಕಾರಿಯೂ ಅವಳಿಗೆ ಕಲಿಸಲಾಗದ ಸುಳ್ಳನ್ನು ನನ್ನ ಒಂದು ಪಟ್ಟಿ ಕಲಿಸಿತ್ತು.

“ಶುಕ್ರವಾರ ಮೀಟಿಂಗ್ ಐತಿ. ಎಲ್ಲಾರ ಮುಂದ ಹೇಳ್ತೀನಿ. ನೀವು ಬಂದದ್ದ ಬರೀರಿ” ಅಂದೆ.

“ನಿಮ್ಮನ್ನ ನಾ ಯಾಕ ನಂಬ್ಲಿ?” ಅಂತ ಕೇಳಿದಳು. ಕೇಳಿದ್ದರಲ್ಲಿ ಸಿಟ್ಟಿರಲಿಲ್ಲ. ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ, ಗಂಡನ ಕೆಲಸ ಇವತ್ತು ಇದ್ದರೆ ನಾಳೆ ಇಲ್ಲ ಅಂದಳು. ಅವಳ ಜಾಗದಲ್ಲಿದ್ದರೆ ನಾನಂತೂ ನನ್ನನ್ನು ನಂಬುತ್ತಿರಲಿಲ್ಲ. ಹೊರಡುವಾಗ ಅವಳು ನೀರು ಬೇಕಾ ಎಂದೂ ಕೇಳಲಿಲ್ಲ.

ಶುಕ್ರವಾರದ ಮೀಟಿಂಗಿನಲ್ಲಿ ಮ್ಯಾನೇಜರ್ ನನ್ನ ಮಾಡೆಲ್ಲಿನ ನೇರ ಗೆರೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದ. ಕ್ವಾಲಿಟಿ ಮುಖ್ಯಸ್ಥರು ತಲೆದೂಗಿದರು. ಆಗ ನಾನು ಎದ್ದು, ಈ ಪಟ್ಟಿ ತಲೆಕೆಳಗಾಗಿದೆ, ಮಾಡಿದವಳು ನಾನೇ, ವಾಪಸ್ ತಗೊಳ್ಳುತ್ತೇನೆ ಅಂದೆ. ಮ್ಯಾನೇಜರನ ಮುಖದ ಮೇಲಿನ ನಗು ಇಳಿದದ್ದು ನನಗೆ ಕಂಡಿತು.

ಮುಖ್ಯಸ್ಥರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕುರ್ಚಿಗೆ ಒರಗಿ ಮೆಲ್ಲಗೆ ಕೇಳಿದರು: “ವೋ ಲ್ಯಾಬ್‌ವಾಲೀ ಆಪ್ ಕೇ ಗಾಂವ್ ಕೀ ಹೈ ಕ್ಯಾ?”

ಅವಳ ಪಕ್ಷ ವಹಿಸುತ್ತಿದ್ದೇನೆಯೇ ಎಂದು ನಾನೇ ನನಗೆ ಕೇಳಿಕೊಂಡಾಗಿತ್ತು. ಅದಕ್ಕೇ ಚುಚ್ಚಿತು. “ಅವಳದು ಕಲಬುರಗಿ, ನನ್ನದು ವಿಜಯಪುರ, ಮಧ್ಯೆ ಅರ್ಧ ದಿನದ ಹಾದಿ” ಅಂದೆ. ಬಳಿಕ, “ಅನಂತ ಚತುರ್ದಶಿಯ ದಿನ ತಾವು ಎಲ್ಲಿದ್ದಿರಿ ಸರ್?” ಎಂದು ಕೇಳಿದೆ.

ಎಲ್ಲಿರುತ್ತಾರೆ? ತಮ್ಮ ಸೊಸೈಟಿಯ ಗಣಪತಿಯ ಹಿಂದೆ, ಮೈಯೆಲ್ಲ ಗುಲಾಲು ಮಾಡಿಕೊಂಡು. ಅದನ್ನು ಹೇಳುತ್ತ ಅವರಿಗೆ ನಗುವೇ ಬಂತು. ಉಳಿದ ನಾಲ್ಕು ಲ್ಯಾಬುಗಳಲ್ಲಿ ಅದೇ ಮಧ್ಯಾಹ್ನ ಕ್ಯೂಬ್ ಒಡೆದವರು ಯಾರು ಎಂದು ನಾನು ಪರದೆಯ ಮೇಲೆ ಆ ಸಾಲುಗಳನ್ನು ತೆರೆದೆ. ನಗು ನಿಂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೂಲೆಯಲ್ಲಿ ಕೂತಿದ್ದ ಇಬ್ಬರು ಪ್ಲಾಂಟ್ ಮ್ಯಾನೇಜರುಗಳು, ಯಾರೂ ಕೇಳದಿದ್ದರೂ, ತಮ್ಮಲ್ಲಿ ರಜೆಯ ದಿನವೂ ಡ್ಯೂಟಿ ಇರುತ್ತದೆ ಎಂದು ಒಟ್ಟೊಟ್ಟಿಗೆ ಹೇಳಿದರು.

“ದೇಖೇಂಗೇ” ಅಂದರು ಮುಖ್ಯಸ್ಥರು. ಖಾಡಿಯ ಲ್ಯಾಬಿನವಳನ್ನು ತೆಗೆಯುವ ವಿಷಯ ಸದ್ಯಕ್ಕೆ ನಿಲ್ಲಲಿ, ಈ ತಿಂಗಳ ಡೇಟಾ ಪೂರ್ತಿ ಬಂದ ಮೇಲೆ ನೋಡಿ ತೀರ್ಮಾನಿಸೋಣ ಅಂದರು. ನನ್ನ ತೀರ್ಮಾನವೂ ಮುಂದೆ ಹೋಯಿತು. ಕಾಯಂ ಮಾಡುವ ಮೊದಲು ಇನ್ನೂ ಸ್ವಲ್ಪ ಕಾಲ ನೋಡಬೇಕು ಎಂದು ಮ್ಯಾನೇಜರ್ ನನ್ನ ಮುಖ ನೋಡದೆ ಹೇಳಿದ. ಮನೆಗೆ ಬಂದು ಹೇಳಿದಾಗ ಅವ್ವ, “ನಾ ಅಂದಿದ್ದಿಲ್ಲೇನು, ಯಾರ ಜೋಡಿನೋ ಜಗಳ ಮಾಡಿರ್ತಿ ಅಂತ” ಅಂದಳು. ಅವಳ ಅನುಮಾನ ಕೊನೆಗೂ ಒಂದು ಸಲ ನಿಜವಾಗಿತ್ತು, ಅದಕ್ಕೆ ಖುಷಿಯಲ್ಲಿದ್ದಳು.

ನಾನು ನಿದ್ದೆಗೆಟ್ಟದ್ದು ನನ್ನ ಕೆಲಸದ ಚಿಂತೆಯಿಂದಲ್ಲ. ಈ ತಿಂಗಳ ಡೇಟಾ ನೋಡುತ್ತೇವೆ ಎಂದಿದ್ದರು. ಅವಳು ನನ್ನನ್ನು ನಂಬದೆ ನೇರ ಗೆರೆಯನ್ನೇ ಬರೆಯುತ್ತ ಹೋಗಿದ್ದರೆ, ಅವಳೂ ಉಳಿದವರಂತೆಯೇ ಸುಳ್ಳಿ ಎಂದು ನಾನೇ ಸಾಬೀತು ಮಾಡಿಕೊಟ್ಟಂತಾಗುತ್ತಿತ್ತು. ಮೀಟಿಂಗಿನ ಸುದ್ದಿ ಅವಳಿಗೆ ತಲುಪಿದೆಯೋ ಇಲ್ಲವೋ ತಿಳಿಯದು. ಫೋನ್ ಮಾಡಲೂ ಧೈರ್ಯವಾಗಲಿಲ್ಲ. ಹೇಳಿಕೊಟ್ಟು ಬರೆಸಿದಳು ಎನ್ನಲು ಕಾಯುತ್ತಿದ್ದವರು ಇದ್ದರು.

ತಿಂಗಳು ತುಂಬಿ ಫೈಲ್ ಬಂತು. ಮೊದಲು ಉಳಿದ ನಾಲ್ಕನ್ನು ತೆರೆದೆ. ಅಲ್ಲಿ ಎಲ್ಲರೂ ಶಾಣ್ಯಾರಾಗಿಬಿಟ್ಟಿದ್ದರು. ಮೀಟಿಂಗಿನ ನಂತರದ ಸಾಲುಗಳಲ್ಲಿ ನಾಲ್ಕೂ ಕಡೆ ಚುಕ್ಕಿಗಳು ಚದುರಿದ್ದವು, ಆದರೆ ಒಂದು ಮೇಲೆ, ಒಂದು ಕೆಳಗೆ, ಮತ್ತೆ ಒಂದು ಮೇಲೆ, ರಂಗೋಲಿ ಹಾಕಿದ ಹಾಗೆ. ನಾಲ್ಕೂ ಲ್ಯಾಬುಗಳಲ್ಲಿ ಒಂದೇ ದಿನ ‘ತಡವಾಗಿದೆ’ ಎಂದೂ ಇತ್ತು. ಅವತ್ತು ಹಬ್ಬವೂ ಇರಲಿಲ್ಲ, ಮಳೆಯೂ ಇರಲಿಲ್ಲ. ಮಾಟುಂಗದ ಹುಡುಗಿ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, ಜೋರಾಗಿ ನಕ್ಕು, ಮೊದಲ ಸಲ ಕನ್ನಡದಲ್ಲಿ ಅಂದಳು: “ಅಕ್ಕ, ಇವರು ಎಲ್ಲ ಕಳ್ಳರು ಅಲ್ವಾ?”

ಕೊನೆಗೆ ಖಾಡಿಯ ಪ್ಲಾಂಟಿನದನ್ನು ತೆರೆದೆ. ಮೊದಲ ಸಾಲುಗಳು ಒಂದೂವರೆ, ಒಂದೂವರೆ, ಒಂದೂವರೆ. ಎಚ್ಚರಿಕೆಯ ಪತ್ರ ಹೋದ ದಿನದಿಂದ ನೇರ ಗೆರೆ. ಮುಗಿಯಿತು ಎಂದುಕೊಂಡೆ. ಕೆಳಗೆ ಸರಿಸಿದೆ. ಒಂದು ಕಡೆ ಗೆರೆ ತಪ್ಪಿತು. ಒಂದು ಸಂಖ್ಯೆ ಕೆಳಗೆ ಜಾರಿತ್ತು. ಅದರ ಮುಂದಿನದು ಮೇಲಿತ್ತು, ಅದರ ಮುಂದಿನ ಎರಡು ತೀರಾ ಕೆಳಗೆ. ಒಂದು ಕ್ಯೂಬ್ ಪರೀಕ್ಷೆಯಲ್ಲಿ ಸೋತೇಹೋಗಿತ್ತು, ಅದನ್ನೂ ಹಾಗೇ ಬರೆದಿದ್ದಳು. ಅಲ್ಲಿಂದ ತಿಂಗಳ ಕೊನೆಯವರೆಗೆ ಒಂದೂ ಚುಕ್ಕಿ ಗೆರೆಯ ಮೇಲೆ ಕೂತಿರಲಿಲ್ಲ. ಇನ್ನು ಅವಳನ್ನು ಸುಳ್ಳಿ ಎಂದು ಯಾರೂ ತೆಗೆಯುವಂತಿರಲಿಲ್ಲ.

ಸುದ್ದಿ ತಲುಪಿರಬೇಕು, ಕೆಲಸ ಉಳಿಯಿತೆಂದು ತಿಳಿದ ಮೇಲೆ ಧೈರ್ಯ ಬಂದಿರಬೇಕು ಎಂದು ನನ್ನ ಹಾಳು ಬುದ್ಧಿ ತಕ್ಷಣ ಲೆಕ್ಕ ಹಾಕಿತು. ಮನುಷ್ಯರು ಅಷ್ಟೇ, ಸುರಕ್ಷಿತವೆಂದು ಗೊತ್ತಾದ ಮೇಲೆ ಸತ್ಯವಂತರಾಗುತ್ತಾರೆ. ಹಾಗಂದುಕೊಂಡೇ ಆ ಮೊದಲ ಸೊಟ್ಟ ಸಾಲಿನ ತಾರೀಖು ನೋಡಿದೆ.

ಮೀಟಿಂಗ್ ನಡೆದದ್ದು ಶುಕ್ರವಾರ. ಆ ಸಾಲಿನಲ್ಲಿದ್ದದ್ದು ಬುಧವಾರ, ನಾನು ಅವಳಲ್ಲಿಗೆ ಹೋಗಿ ಬಂದ ಮರುದಿನ. ಆಗಿನ್ನೂ ನಾನು ಎಲ್ಲಿಯೂ ಬಾಯಿ ಬಿಟ್ಟಿರಲಿಲ್ಲ. ಗೋಡೆ ಕುಟ್ಟದೆ ಚಹಾಕ್ಕೆ ಕೂರದವನ ಮಗಳು ನಾನು, ಬೆನ್ನ ಹಿಂದೆ ಬಾಳೆಹಣ್ಣಿನ ಗಾಡಿಯ ಮರೆಯಲ್ಲಿ ನಿಂತು ನೋಡುವವಳ ಮಗಳು. ನನ್ನ ಬಾಯಿಮಾತೊಂದನ್ನೇ ನೆಚ್ಚಿ ಯಾರಾದರೂ ತಮ್ಮ ಅನ್ನವನ್ನು ಪಣಕ್ಕಿಟ್ಟಾರೆಂದು ನನಗೆ ಹೊಳೆದೇ ಇರಲಿಲ್ಲ. ಕಣ್ಣು ತುಂಬಿ ಬಂತು. ಮಾಟುಂಗದ ಹುಡುಗಿ ಏನಾಯಿತು ಅಕ್ಕ ಎಂದು ಕೇಳಿದಳು. ಏನಿಲ್ಲ, ಎಸಿ ಜಾಸ್ತಿಯಾಗಿದೆ ಅಂದೆ. ಅವಳು ನಂಬಲಿಲ್ಲ.